ಒಂದೇ ಗೆರೆ

ಸೋಮವಾರ ಬೆಳಗ್ಗೆ ಪಾಲುಪಿ ತುಂಬು ಬಸುರಿಯೊಬ್ಬಳ ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟು ಮಗುವಿನ ತಲೆ ಎಲ್ಲಿದೆಯೆಂದು ತಡವುತ್ತಿದ್ದಾಗ, ಗೋಡೆಯಾಚೆಯ ಬಚ್ಚಲಿನಲ್ಲಿ ಮಗಳು ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸಿತು. ಕೈ ನಿಲ್ಲಲಿಲ್ಲ. ನಿಲ್ಲಿಸಬಾರದೆಂದು ಅವಳೇನೂ ತೀರ್ಮಾನಿಸಿರಲಿಲ್ಲ; ಎಷ್ಟೋ ವರ್ಷದಿಂದ ಇದೇ ಕೆಲಸ ಮಾಡಿದ ಕೈಗೆ ತನ್ನದೇ ಒಂದು ಬುದ್ಧಿ ಬಂದುಬಿಟ್ಟಿತ್ತು. "ತಲೆ ಕೆಳಗೇ ಇದೆ, ಜಾಣ ಮಗು. ನಿನಗೇನೂ ಕಷ್ಟ ಆಗಲ್ಲ ನೋಡು, ಆರಾಮಾಗಿ ಹೆರ್ತೀಯ," ಅಂದಳು. ಆ ಮಾತಿಗೆ ಮಂಚದ ಮೇಲಿನ ಹುಡುಗಿಯ ಮುಖ ಸಡಿಲಾಗುವುದನ್ನು ನೋಡುವ ಸುಖ ಪಾಲುಪಿಗೆ ಇನ್ನೂ ಹಳತಾಗಿರಲಿಲ್ಲ. ಸಾಲತಿಗ ಊರಿನ ಈ ಬದಿಯ ಓಣಿಗಳಲ್ಲೆಲ್ಲ ಅವಳಿಗೆ ಇದ್ದ ಹೆಸರು ಬು ಬಿದಾನ್, ಹೆರಿಗೆ ಮಾಡಿಸುವ ಅಮ್ಮ. ಬು ಬಿದಾನ್ ಆಗುತ್ತೆ ಅಂದರೆ ಆಗುತ್ತೆ ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಗೋಡೆಯಾಚೆ ಮತ್ತೊಮ್ಮೆ ಸದ್ದಾಯಿತು. ಈ ಸಲ ಹುಡುಗಿಯೂ ಕಿವಿಗೊಟ್ಟಳು. "ಒಳಗೆ ಯಾರಿಗೋ ಹುಷಾರಿಲ್ವಾ ಬು?" "ಮಗಳು. ರಾತ್ರಿ ಏನೋ ಹಾಳುಮೂಳು ತಿಂದಿದಾಳೆ." ರಾತ್ರಿ ಮಗಳು ಕಿನಾಸಿ ತಿಂದದ್ದು ಒಂದು ಹಿಡಿ ಅನ್ನ, ಅದನ್ನೂ ತಟ್ಟೆಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿ ಸರಿಸಿ. ಹುಡುಗಿ ಗೋಡೆಯತ್ತ ನೋಡಿದಳು. ತುಟಿಯ ಅಂಚಿನಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. ಹದಿನೈದರ ಹುಡುಗಿ, ಬೆಳಗಿನ ಹೊತ್ತು, ವಾಂತಿ. ಆ ನಗುವನ್ನು ಓದಲು ಪಾಲುಪಿಗೆ ಕನ್ನಡಕ ಬೇಕಿರಲಿಲ್ಲ. ತಾನೂ ಹಾಗೇ ಓದಿದವಳಲ್ಲವೇ ಎಂದು ಒಳಗೆಲ್ಲೋ ಒಂದು ದನಿ ಕೇಳಿತು. ಅದನ್ನು ಅವಳು ಕೈಗವುಸಿನ ಜೊತೆ ಕಸದ ಡಬ್ಬಕ್ಕೆ ಹಾಕಿದಳು.

ಬಚ್ಚಲ ಬಾಗಿಲಲ್ಲಿ ಕಿನಾಸಿ ಬಿಳಿ ಅಂಗಿ, ಬೂದು ಲಂಗದ ಸಮವಸ್ತ್ರದಲ್ಲಿ ನಿಂತು ಮುಖ ಒರೆಸಿಕೊಳ್ಳುತ್ತಿದ್ದಳು. ಕಣ್ಣು ಕೆಂಪಾಗಿತ್ತು. ಸೋಮವಾರ ಶಾಲೆಯಲ್ಲಿ ಬಾವುಟ ಏರಿಸುವ ದಿನ. ಎಲ್ಲರೂ ಬಿಸಿಲಿಗೆ ಸಾಲಾಗಿ ನಿಲ್ಲಬೇಕು. ಹಿಂದಿನ ತಿಂಗಳು ಆ ಸಾಲಿನಲ್ಲೇ ಇವಳು ಹೊಟ್ಟೆ ಹಿಡಿದುಕೊಂಡು ಕುಸಿದು ಕೂತಿದ್ದಳು, ಗೆಳತಿಯರು ಎತ್ತಿಕೊಂಡು ಹೋಗಿದ್ದರು. "ಇವತ್ತು ಶಾಲೆಗಿಂತ ಮೊದಲು ಡಾಕ್ಟರ ಹತ್ರ ರಿಪೋರ್ಟ್ ಕೇಳೋಕೆ ಹೋಗೋದಿದೆ, ನೆನಪಿದೆ ತಾನೇ?" "ಹೂಂ." "ಏನೂ ಇರಲ್ಲ ನೋಡ್ತಿರು." ಕಿನಾಸಿ ಟವೆಲು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. "ಏನೂ ಇಲ್ದಿದ್ರೆ ಇಬು?" ಎಂದು ಅಮ್ಮನನ್ನು ಕೇಳಿದಳು. "ಏನೂ ಇಲ್ದಿದ್ರೆ ಒಳ್ಳೇದೇ ಅಲ್ವೇನೇ?" ಮಗಳು ಟವೆಲನ್ನು ಹಗ್ಗದ ಮೇಲೆ ಹಾಕಿ ಹೊರಟಳು. ಹೆಲ್ಮೆಟ್ ಹಾಕಿಕೊಳ್ಳುವಾಗ, ಸ್ಕೂಟರು ಇಳಿಜಾರಿನಲ್ಲಿ ಓಡುವಾಗ, ಬೆನ್ನ ಹಿಂದೆ ಕೂತ ಮಗಳ ಕೈ ತನ್ನ ಸೊಂಟ ಹಿಡಿಯದೆ ಸೀಟಿನ ಹಿಂದಿನ ಕಂಬಿಯನ್ನು ಹಿಡಿದಿರುವುದು ತಿಳಿಯುತ್ತಿದ್ದಾಗಲೂ ಪಾಲುಪಿ ಆ ಪ್ರಶ್ನೆಯನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಏನೂ ಇಲ್ಲದಿದ್ದರೆ. ಇದೆಂಥ ಪ್ರಶ್ನೆ? ತಾನೇನು ಈ ಹುಡುಗಿಗೆ ಒಂದು ಪೆಟ್ಟೂ ಕೊಟ್ಟವಳಲ್ಲ. ಪಕ್ಕದ ಮನೆಯವರ ಹಾಗೆ ಅವಳಷ್ಟು ಅಂಕ ತೆಗೆ, ಇವಳಷ್ಟು ಓದು ಎಂದು ಮೂದಲಿಸಿದವಳಲ್ಲ. ತನ್ನ ಅಮ್ಮ ತನಗೆ ನೀನು ಯಾವ ಕೆಲಸಕ್ಕೂ ಬಾರದವಳು ಎಂದು ಸಂತೆಯ ನಡುವೆ ಕೂಗಿ ಹೇಳುತ್ತಿದ್ದಳು. ಅದಕ್ಕೇ ಮಗಳು ಹುಟ್ಟಿದ ದಿನದಿಂದ ತಾನು ಹೇಳಿಕೊಂಡು ಬಂದದ್ದು ಒಂದೇ: ನಿನ್ನ ಕೈಲಾಗುತ್ತೆ. ನಡೆಯಲು ಕಲಿಯುವಾಗ, ಸೈಕಲ್ ಹೊಡೆಯುವಾಗ, ಲೆಕ್ಕದಲ್ಲಿ ಕಡಿಮೆ ಅಂಕ ಬಂದಾಗ, ನಿನ್ನ ಕೈಲಾಗುತ್ತೆ. ಇದರಲ್ಲಿ ಹೊಟ್ಟೆನೋವು ಬರುವಂಥದ್ದು ಏನಿದೆ?

ಡಾಕ್ಟರ್ ಪೌಲಿನಾ ಪಾಲುಪಿಗೆ ಹೊಸಬಳಲ್ಲ. ಕಷ್ಟದ ಕೂಸುಗಳನ್ನು ಪಾಲುಪಿ ಕಳಿಸುತ್ತಿದ್ದುದು ಇವಳ ಬಳಿಗೇ. ಬೆಳ್ಳಗಾದ ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡಿದ್ದ ಹೆಂಗಸು. ಕಾಗದಗಳನ್ನು ತಿರುವಿ ಹಾಕಿ, "ರಕ್ತ ಸರಿಯಿದೆ, ಸ್ಕ್ಯಾನಿಂಗ್ ಸರಿಯಿದೆ, ಮಿಕ್ಕಿದ್ದೂ ಸರಿಯಿದೆ," ಅಂದಳು. ಪಾಲುಪಿ ಗಟ್ಟಿಯಾಗಿಯೇ ನಕ್ಕುಬಿಟ್ಟಳು. "ನಾನು ಹೇಳಿರ್ಲಿಲ್ವಾ!" ಎಂದು ಮಗಳ ತೊಡೆ ತಟ್ಟಿ ತಿರುಗಿ ನೋಡಿದರೆ ಕಿನಾಸಿಯ ಮುಖ ಬಿದ್ದುಹೋಗಿತ್ತು. ಫಲಿತಾಂಶ ಓದುವಾಗ ತನ್ನ ಹೆಸರು ಬಿಟ್ಟುಹೋದ ಮಗುವಿನ ಮುಖ ಅದು. "ಏನೂ ಸಿಕ್ಕಿಲ್ಲ ಅಂದೆ ಬು ಪಾಲುಪಿ, ಏನೂ ಇಲ್ಲ ಅನ್ನಲಿಲ್ಲ," ಡಾಕ್ಟರ್ ಹೇಳಿದಳು. "ನೋವು ನಿಜವಾದ್ದೇ. ಹೊಟ್ಟೆ ನಾಟಕ ಆಡ್ತಿಲ್ಲ." ಆಮೇಲೆ ಕಿನಾಸಿಯ ಕಡೆ ತಿರುಗಿ, ಯಾವಾಗ ಜಾಸ್ತಿ ಆಗುತ್ತಮ್ಮ ಎಂದು ಕೇಳಿದಳು. "ಬೆಳಗ್ಗೆ, ಅದರಲ್ಲೂ ಸೋಮವಾರ," ಪಾಲುಪಿ ಅಂದಳು. ನಿದ್ದೆ ಬರುತ್ತಾ? "ಮಲಗಿದ್ರೆ ಕುಂಭಕರ್ಣಿ." ಶಾಲೆಯಲ್ಲಿ ಹೇಗೆ? "ಜೀವಶಾಸ್ತ್ರದ ಸ್ಪರ್ಧೆಗೆ ಆಯ್ಕೆ ಆಗಿದಾಳೆ, ಸೆಮಾರಾಂಗಿಗೆ ಹೋಗ್ತಾಳೆ. ಡಾಕ್ಟರ್ ಆಗೋಳು." ಡಾಕ್ಟರ್ ಪೌಲಿನಾ ಪೆನ್ನು ಕೆಳಗಿಟ್ಟಳು. ದನಿಯಲ್ಲಿ ಸ್ವಲ್ಪವೂ ಬಿರುಸಿರಲಿಲ್ಲ. "ಬು ಪಾಲುಪಿ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ತೀರಾ?"

ಇದೇ ಮಾತನ್ನು ಪಾಲುಪಿ ಅತ್ತೆಯಂದಿರಿಗೆ ಹೇಳುತ್ತಿದ್ದಳು. ಸೊಸೆ ಬಾಯಿ ತೆರೆಯುವ ಮುಂಚೆಯೇ ಉತ್ತರ ಕೊಡುವ ಅತ್ತೆಯಂದಿರನ್ನು ನಗುತ್ತಾ, ಭುಜ ಹಿಡಿದು ಬಾಗಿಲಾಚೆ ದಾಟಿಸುವುದರಲ್ಲಿ ಅವಳದು ಎತ್ತಿದ ಕೈ. ಈಗ ಬಾಗಿಲು ತನ್ನ ಹಿಂದೆ ಮುಚ್ಚಿಕೊಂಡಾಗ, ಅವರೆಲ್ಲ ಹೊರಗಿನ ಬೆಂಚಿನಲ್ಲಿ ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಯಾಕೆ ಹಾಗೆ ಕೂರುತ್ತಿದ್ದರೆಂದು ತಿಳಿಯಿತು. ತಾನೂ ಹಾಗೇ ಕೂತಿದ್ದಳು. ಎದುರಿನ ಹೆಂಗಸೊಬ್ಬಳು ಗುರುತು ಹಿಡಿದು, "ಅಯ್ಯೋ ಬು ಬಿದಾನ್! ಇಲ್ಲೇನು, ಯಾರದು?" ಎಂದಳು. "ಒಂದು ಕೇಸು," ಅಂದಳು ಪಾಲುಪಿ. ನಾಲಗೆ ಅಷ್ಟು ಸಲೀಸಾಗಿ ಹೊರಳಿದ್ದಕ್ಕೆ ಕಿವಿ ಬಿಸಿಯಾಯಿತು. ಬಾಗಿಲಾಚೆ ಮಗಳ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಇಷ್ಟುದ್ದ ಮಾತಾಡುತ್ತಾಳೆಯೇ ಇವಳು? ತನ್ನ ಹತ್ತಿರ ಹೂಂ, ಊಹೂಂ ಬಿಟ್ಟರೆ ಬಾಯಲ್ಲಿ ಮುತ್ತು ಉದುರುವುದಿಲ್ಲ. ದನಿ ಒಂದು ಕಡೆ ಎತ್ತರವಾಯಿತು, ಒಡೆಯಿತು, ಮತ್ತೆ ಸರಿಯಾಯಿತು. ಅತ್ತಳೇ? ಎದ್ದು ಬಾಗಿಲು ತಟ್ಟಬೇಕೆನ್ನಿಸಿತು. ಹಿಂದೆ ಕಿನಾಸಿ ನಾಲ್ಕು ವರ್ಷದವಳಿದ್ದಾಗ ಹೆರಿಗೆ ಕೋಣೆಯ ಬಾಗಿಲು ಹೀಗೇ ತಟ್ಟುತ್ತಿದ್ದಳು. ಒಳಗೆ ಯಾವಳೋ ಕಿರುಚುತ್ತಿದ್ದರೆ ಹೊರಗೆ ಇವಳು ಬಾಗಿಲಿಗೆ ಬಾಯಿಟ್ಟು, ಇಬು, ನನಗೂ ಹೊಟ್ಟೆ ನೋವು, ಎನ್ನುತ್ತಿದ್ದಳು. ಮಂಚದ ಮೇಲಿದ್ದವಳು ಕೂಡ ನೋವಿನ ನಡುವೆ ನಕ್ಕಿದ್ದಳು. ಆ ಕತೆಯನ್ನು ಪಾಲುಪಿ ಮದುವೆ ಮನೆಗಳಲ್ಲಿ, ಓಣಿಯ ಹೆಂಗಸರ ಕೂಟಗಳಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದಳೋ! ನಗುವವರ ನಡುವೆ ಕೂತು ಕಿನಾಸಿಯೂ ಕೇಳುತ್ತಿದ್ದಳು, ಏಳರಲ್ಲಿ, ಹತ್ತರಲ್ಲಿ, ಹದಿಮೂರರಲ್ಲಿ. ಅವಳು ನಗುತ್ತಿದ್ದಳೇ? ಎಷ್ಟು ಕೆದಕಿದರೂ ಆ ಮುಖ ನೆನಪಿಗೆ ಬರಲಿಲ್ಲ. ಕೇಳುವವರ ಮುಖಗಳೆಲ್ಲ ಒಂದೊಂದಾಗಿ ಬಂದವು, ಅವಳದೊಂದನ್ನು ಬಿಟ್ಟು. ತಮ್ಮ ಮನೆಯಲ್ಲಿ ತಾನು ಎದ್ದು ಓಡುತ್ತಿದ್ದುದು ನೋವಾದವರ ಕಡೆಗೆ. ಊಟದ ತಟ್ಟೆ ಬಿಟ್ಟು, ಹುಟ್ಟುಹಬ್ಬದ ಹಾಡನ್ನು ಅರ್ಧಕ್ಕೆ ಬಿಟ್ಟು. ನೋವಿಲ್ಲದವರು ಕಾಯಬಹುದಿತ್ತು.

ಮತ್ತೆ, ಬಸಿರು ನೋಡುವ ಆ ಪಟ್ಟಿ. ಅದನ್ನು ನೆನೆಯಬಾರದೆಂದು ಇಷ್ಟು ದಿನ ಬಿಗಿಹಿಡಿದಿದ್ದಳು. ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಕಿನಾಸಿಯ ವಾಂತಿ ಶುರುವಾದಾಗ, ಪಾಲುಪಿಯ ಬುದ್ಧಿ ಅವಳ ಕೈಯ ಹಾಗೇ ತಾನಾಗಿ ಹಳೆಯ ದಾರಿಯಲ್ಲಿ ಹೋಗಿತ್ತು. ಸ್ವಲ್ಪ ಮೂತ್ರ ಹಿಡಿದು ಕೊಡೇ, ಇನ್ಫೆಕ್ಷನ್ ಏನಾದ್ರೂ ಇದೆಯಾ ನೋಡೋಣ ಅಂದಿದ್ದಳು. ಕಿನಾಸಿ ತುಟಿಪಿಟಿಕ್ಕೆನ್ನದೆ ತಂದುಕೊಟ್ಟಿದ್ದಳು. ಬಾಗಿಲು ಹಾಕಿಕೊಂಡು, ಮಲಗಿದ್ದ ಊರನ್ನು ಎಬ್ಬಿಸಬಾರದು ಎಂಬಂತೆ ಉಸಿರು ಹಿಡಿದು, ಪಾಲುಪಿ ಪಟ್ಟಿಯನ್ನು ಅದ್ದಿದಳು. ಎಷ್ಟು ಹೆಣ್ಣುಗಳ ಬದುಕನ್ನು ಈ ಪಟ್ಟಿಯಲ್ಲಿ ಓದಿ ಹೇಳಿದವಳು; ಅವತ್ತು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಒಯ್ದಳು. ಒಂದು ಗೆರೆ ಮೂಡಿತು. ಕಾದಳು. ಒಂದೇ ಗೆರೆ; ಬಸಿರಿಲ್ಲ. ಸ್ಟೂಲಿನ ಮೇಲೆ ಕೂತು, ಮುಖ ಮುಚ್ಚಿಕೊಂಡು ನಕ್ಕಿದ್ದಳು. ಪಟ್ಟಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಬಿಸಾಡಿದಳು. ಅಷ್ಟೆ. ಯಾರಿಗೂ ತಿಳಿಯಲಿಲ್ಲ.

ಬಾಗಿಲು ತೆರೆಯಿತು. ಮುಂದಿನ ವಾರ ಮತ್ತೆ ಕರಕೊಂಡು ಬನ್ನಿ, ಅವಳ ತಂದೆಯವರೂ ಬರಲಿ ಅಂದಳು ಡಾಕ್ಟರ್ ಪೌಲಿನಾ. ಔಷಧಿ? ಸದ್ಯಕ್ಕೆ ಬೇಡ. ಪಾಲುಪಿ ದನಿ ತಗ್ಗಿಸಿ, "ಏನು ಹೇಳಿದಳು?" ಎಂದಳು, ಒಂದೇ ಕಸುಬಿನವರ ಸಲಿಗೆಯಿಂದ. "ಹೇಳ್ಬೇಕು ಅನ್ಸಿದಾಗ ಅವಳೇ ಹೇಳ್ತಾಳೆ ಬಿಡಿ," ಎಂದು ಡಾಕ್ಟರ್ ಅವಳ ಭುಜ ಹಿಡಿದು, ನಗುತ್ತಾ, ಹೊಸ್ತಿಲಾಚೆ ದಾಟಿಸಿದಳು.

ಆಸ್ಪತ್ರೆಯ ಎದುರಿನ ಗೂಡಂಗಡಿಯಲ್ಲಿ ಸೋತೊ ಎಂಬ ಕೋಳಿಸಾರು ತರಲು ಹೇಳಿದರು. ಬಟ್ಟಲಿನಿಂದ ಹಬೆ ಏಳುತ್ತಿತ್ತು, ದೂರದಲ್ಲಿ ಮೆರ್ಬಾಬು ಬೆಟ್ಟದ ನೆತ್ತಿ ಮೋಡದೊಳಗಿತ್ತು. ಕಿನಾಸಿ ಸಾರಿನಲ್ಲಿ ತೇಲುತ್ತಿದ್ದ ಕೋಳಿಯ ಎಳೆಗಳನ್ನು ಚಮಚದಿಂದ ಮುಳುಗಿಸುತ್ತಿದ್ದಳು; ಅವು ಮತ್ತೆ ಮೇಲೆ ಬರುತ್ತಿದ್ದವು. ಸುಮ್ಮನಿರಬೇಕೆಂದು ಪಾಲುಪಿ ನಿಶ್ಚಯಿಸಿದ್ದಳು. ಅರ್ಧ ಬಟ್ಟಲು ಮುಗಿಯುವಷ್ಟು ಹೊತ್ತು ಆ ನಿಶ್ಚಯ ತಡೆಯಿತು.

"ಏನು ಮಾತಾಡಿದ್ರಿ ಅಷ್ಟೊತ್ತು?"

"ಸುಮ್ನೆ."

"ನನ್ನ ಬಗ್ಗೆನಾ?"

ಕಿನಾಸಿ ಚಮಚ ಕೆಳಗಿಟ್ಟಳು. "ಇಬು, ಆವತ್ತು ನನ್ನ ಮೂತ್ರ ಇಸ್ಕೊಂಡ್ರಲ್ಲ, ಯಾಕೆ?"

"ಹೇಳಿದ್ನಲ್ಲೇ, ಇನ್ಫೆಕ್ಷನ್ನು…"

"ಇನ್ಫೆಕ್ಷನ್ ನೋಡೋ ಪಟ್ಟಿ ಕಪಾಟಿನ ಮೇಲ್ಗಡೆ ಡಬ್ಬೀಲಿರುತ್ತೆ. ನೀವು ಎಳೆದಿದ್ದು ಕೆಳಗಿನ ಖಾನೆ, ಸದ್ದು ಗೋಡೆಯಾಚೆ ಕೇಳಿಸ್ತು. ನಾನೂ ಆ ಮನೇಲೇ ಬೆಳೆದಿದ್ದು."

ಪಾಲುಪಿಗೆ ಒಂದು ಕ್ಷಣ ಆ ಗೂಡಂಗಡಿಯ ತಗಡು, ಮಣೆಯ ಮೇಲಿನ ನಿಂಬೆಹೋಳು, ಅಂಗಡಿಯವಳ ಬೆನ್ನು, ಎಲ್ಲವೂ ವಿಪರೀತ ಸ್ಪಷ್ಟವಾಗಿ ಕಂಡವು. "ಅದು… ನನ್ನ ಕಸುಬು ಕಣೇ. ಯಾರಿಗೇ ಆದ್ರೂ ಮೊದಲು ಅದನ್ನೇ ನೋಡೋದು. ನಿನ್ನ ಮೇಲೆ ಅನುಮಾನ ಪಟ್ಟೆ ಅಂತಲ್ಲ."

"ಅನುಮಾನ ಪಟ್ಟಿದ್ದಕ್ಕೂ ನಾನು ಅತ್ತಿದೀನಿ. ಅದಿರಲಿ. ಅವತ್ತು ಸಂಜೆ ನೀನು ಬಾಳೆಹಣ್ಣು ಕರಿದೆ." ಹುಡುಗಿಯ ದನಿ ಏರಿತು. "ಹಾಡು ಹೇಳ್ಕೊಂಡು ಕರಿದೆ. ತಿನ್ನೇ ತಿನ್ನೇ ಅಂತ ನನ್ನ ತಟ್ಟೆಗೆ ಹಾಕಿದೆ. ನನ್ನ ಹೊಟ್ಟೆ ನೋಯ್ತಾನೇ ಇತ್ತು. ಆಮೇಲೆ ಒಂದು ಸಲಾನಾದ್ರೂ ಕೇಳಿದ್ಯಾ, ಹೊಟ್ಟೆ ಹೇಗಿದೆ ಅಂತ? ನಿನಗೆ ಬೇಕಿದ್ದ ಉತ್ತರ ಸಿಕ್ತು. ಅಲ್ಲಿಗೆ ಮುಗೀತು."

ಅಂಗಡಿಯವಳು ತಿರುಗಿ ನೋಡಿದಳು. ಪಕ್ಕದಲ್ಲಿ ಉಣ್ಣುತ್ತಿದ್ದ ಗಂಡಸು ಬಟ್ಟಲಿನೊಳಕ್ಕೆ ಇನ್ನಷ್ಟು ಬಗ್ಗಿದ. ಈ ಊರಲ್ಲಿ ಮಕ್ಕಳು ತಾಯಿಗೆ ನೀವು ಎನ್ನುವುದು. ನೀನು ಎನ್ನುವುದೆಂದರೆ ನಡುಬೀದಿಯಲ್ಲಿ ತಾಯಿಯ ತಲೆವಸ್ತ್ರ ಎಳೆದ ಹಾಗೆ. ಮಗಳಿಗೆ ತಾನು ಏನೆಂದೆ ಎಂಬುದೇ ತಿಳಿದಿರಲಿಲ್ಲ. ಮಾತು ಸರಿಯಾಗಿ ಆಡು ಎಂದು ಗದರಿದ್ದರೆ ಅಂಗಡಿಯಲ್ಲಿದ್ದವರೆಲ್ಲ ಪಾಲುಪಿಯ ಕಡೆಗೇ ಇರುತ್ತಿದ್ದರು. ಗದರುವ ಮಾತು ಗಂಟಲವರೆಗೆ ಬಂತು ಕೂಡ. ಆದರೆ ಆ 'ನೀನು' ಹೊಡೆದ ಜಾಗದಲ್ಲೇ ವಿಚಿತ್ರವಾದ ಒಂದು ಹಗುರವೂ ಇತ್ತು. ಹುಡುಗಿ ಎಷ್ಟೋ ವರ್ಷಗಳ ಮೇಲೆ ತನ್ನನ್ನು ಮುಟ್ಟಿ ಮಾತಾಡಿದಂತಿತ್ತು.

"ಹೌದು," ಪಾಲುಪಿ ಅಂದಳು. "ಖುಷಿಯಾಗಿದ್ದೆ. ನಿನ್ನ ಹೊಟ್ಟೆ ಮರೆತೇಹೋಯ್ತು." ಮುಂದಿನದನ್ನು ಹೇಳಲು ಅವಳಿಗೆ ದಾರಿ ಗೊತ್ತಿರಲಿಲ್ಲ. ಹಬ್ಬದ ದಿನ ಮಕ್ಕಳು ಹಿರಿಯರ ಮಂಡಿಗೆ ಹಣೆಯಿಟ್ಟು ತಪ್ಪಾಯ್ತು ಎನ್ನುತ್ತಾರೆ, ಹಿರಿಯರು ತಲೆ ಸವರುತ್ತಾರೆ. ಕ್ಷಮೆ ಕೆಳಗಿನಿಂದ ಮೇಲಕ್ಕೆ ಹೋಗುವುದನ್ನು ಮಾತ್ರ ಅವಳು ನೋಡಿದ್ದು. "ತಪ್ಪಾಯ್ತು ಕಣೇ," ಅಂದಳು. ಬಸ್ಸಿನಲ್ಲಿ ಯಾರದೋ ಕಾಲು ತುಳಿದವಳ ಹಾಗೆ, ಒರಟಾಗಿ, ಗಡಿಬಿಡಿಯಲ್ಲಿ. ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಕಿನಾಸಿಗೂ ಗೊತ್ತಾಗಲಿಲ್ಲ. ಮೂಗು ಒರೆಸಿಕೊಂಡು, "ಸಾರು ಆರ್ತಿದೆ ಇಬು, ಉಣ್ಣಿ," ಅಂದಳು.

ಸಂಜೆ ಗಂಡ ಹರ್ಗೊನೊ ನೀರು ಸರಬರಾಜಿನ ಕಚೇರಿಯಿಂದ ಬಂದು, ಎಂದಿನಂತೆ ಅಂಗಳದಲ್ಲಿ ತನ್ನ ಸಾಕು ಬೆಳವ ಹಕ್ಕಿಯ ಪಂಜರ ಕೆಳಗಿಳಿಸಿ ಸಿಳ್ಳೆ ಹಾಕುತ್ತಾ ಕೂತಿದ್ದ. ಪಾಲುಪಿ ನಡೆದದ್ದನ್ನೆಲ್ಲ ಹೇಳಿದಳು, ಪಟ್ಟಿಯ ವಿಷಯವನ್ನೂ. ಅವನು ಸಿಳ್ಳೆ ನಿಲ್ಲಿಸಿದ. "ನಿನ್ನ ಬಾಯಲ್ಲಿ ಆಗುತ್ತೆ, ಆಗುತ್ತೆ ಅನ್ನೋದು ಕೇಳೀ ಕೇಳೀ ನನಗೂ ಒಂದೊಂದು ಸಲ ಹೊಟ್ಟೆ ಹಿಡ್ಕೊಳ್ಳುತ್ತೆ ಮಾರಾಯ್ತಿ," ಅಂದ. ತಮಾಷೆಗೆ ಅಂದದ್ದೇ. ಗಂಡನನ್ನು ಮಾಸ್ ಎಂದೇ ಕರೆಯುವ ಪಾಲುಪಿಗೆ ರೇಗಿತು. "ನೀವು ಬಾಯೇ ಬಿಡಲ್ವಲ್ಲ ಮಾಸ್, ಅದಕ್ಕೆ ಇಬ್ಬರ ಮಾತೂ ನಾನೇ ಆಡ್ಬೇಕಾಗಿದೆ. ಈ ಹಕ್ಕಿ ಹತ್ರ ಆಡೋ ಕಾಲು ಭಾಗ ಮಗಳ ಹತ್ರ ಆಡಿದೀರಾ?" ಹರ್ಗೊನೊ ಪಂಜರದ ಬಾಗಿಲನ್ನು ಬೆರಳಿನಿಂದ ಮೇಲೆ ಕೆಳಗೆ ಮಾಡಿದ. ಮುಂದಿನ ವಾರ ರಜೆ ಹಾಕ್ತೀನಿ, ಎಂದು ಹಕ್ಕಿಯನ್ನೇ ನೋಡುತ್ತಾ ಹೇಳಿದ. ಅವನ ಕಿವಿಯ ಹಿಂದಿನ ಕೂದಲು ನರೆತದ್ದನ್ನು ಅವಳು ಅವತ್ತೇ ಗಮನಿಸಿದ್ದು.

ಮಾರನೆಯ ದಿನ ಏಳುವಾಗ ಪಾಲುಪಿಗೆ ಎಲ್ಲವೂ ನಿಚ್ಚಳವಾಗಿತ್ತು. ಮಾಡುವ ಕೆಲಸ ಕಣ್ಣೆದುರು ಕಂಡರೆ ಸಾಕು, ಅವಳ ಮೈಗೆ ಬಲ ಬರುತ್ತಿತ್ತು. ಇದೆಲ್ಲದರ ಬೇರು ಆ ಸ್ಪರ್ಧೆ. ಸಹಾಯಕಿ ವಿವಿಕ್‌ಗೆ ಬಸುರಿಯರನ್ನು ನೋಡಿಕೊಳ್ಳಲು ಹೇಳಿ ನೇರವಾಗಿ ಶಾಲೆಗೆ ಹೋದಳು. ಜೀವಶಾಸ್ತ್ರದ ಮೇಷ್ಟ್ರು ಪಾ ವಿದಗ್ದೊ ತಂಡದ ಮಕ್ಕಳಿಗೆ ಅಂಗಿ ಹೊಲಿಸಲು ಅಳತೆ ಬರೆದುಕೊಳ್ಳುತ್ತಿದ್ದರು. "ಮಗಳ ಹೆಸರು ತೆಗೆದುಬಿಡಿ ಪಾ," ಅಂದಳು. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಅಲ್ಲ ಬು, ಆಗ ನೀವೇ ತಾನೇ ಬಂದು ಇದೇ ಕುರ್ಚೀಲಿ ಕೂತು, ಅವಳಿಗೆ ನಾಚಿಕೆ, ತಾನಾಗಿ ಕೇಳಲ್ಲ, ನೀವೇ ಸೇರಿಸ್ಕೊಳ್ಳಿ ಅಂದಿದ್ದು? ಕಡಲೆ ಮಿಠಾಯಿ ಡಬ್ಬ ಬೇರೆ ತಂದಿದ್ರಿ." ಕೋಣೆಯಲ್ಲಿದ್ದ ಇನ್ನಿಬ್ಬರು ಮೇಷ್ಟ್ರುಗಳು ತಲೆ ಎತ್ತದೆ ನಕ್ಕರು. ಪಾಲುಪಿಯೂ ನಕ್ಕಳು; ಅವಮಾನವನ್ನು ನಗುವಿನಿಂದ ಒರೆಸಿಹಾಕುವುದು ಅವಳಿಗೆ ಗೊತ್ತಿತ್ತು. "ಮಿಠಾಯಿ ವಾಪಸ್ ಕೇಳಲ್ಲ ಬಿಡಿ. ಹೆಸರು ತೆಗೀರಿ." ಹೊರಬರುವಾಗ ಅವಳ ಹೆಜ್ಜೆ ಹಗುರಾಗಿತ್ತು. ತಪ್ಪು ಮಾಡಿದ್ದೆ, ತಿದ್ದಿದೆ. ಇನ್ನು ಹೊಟ್ಟೆನೋವಿಗೆ ಏನು ಕಾರಣ ಉಳಿಯಿತು?

ಮಧ್ಯಾಹ್ನ ಕಿನಾಸಿ ಚೀಲವನ್ನೂ ಇಳಿಸದೆ ಅಡುಗೆಮನೆಗೆ ಬಂದಳು. ಮುಖ ಬಿಳಿಚಿತ್ತು.

"ನನ್ನ ಹೆಸರು ತೆಗೆಸಿದ್ರಂತೆ."

"ಹೂಂ. ಇನ್ನು ಆ ತಲೆಬಿಸಿ ನಿನಗೆ ಬೇಡ."

"ಯಾರು ಹೇಳಿದ್ದು ನಿಮಗೆ?"

"ಯಾರು ಹೇಳ್ಬೇಕೇ? ನಿನಗೋಸ್ಕರ ಅಲ್ವಾ…"

"ಹಾಕುವಾಗ್ಲೂ ನನ್ನನ್ನ ಕೇಳಲಿಲ್ಲ, ತೆಗೆಯುವಾಗ್ಲೂ ಕೇಳಲಿಲ್ಲ." ಇವತ್ತು 'ನೀವು' ತಪ್ಪಿರಲಿಲ್ಲ. ಒಂದೊಂದು ಮಾತೂ ತೂಗಿ ಇಟ್ಟಂತಿತ್ತು, ಅದೇ ಹೆಚ್ಚು ಚುಚ್ಚುತ್ತಿತ್ತು. "ಕ್ಲಾಸಲ್ಲೆಲ್ಲ ಹೇಳಿಬಿಟ್ರು ಮೇಷ್ಟ್ರು, ಕಿನಾಸಿಗೆ ಹುಷಾರಿಲ್ಲ, ಅವರಮ್ಮ ಬಂದು ಬಿಡಿಸ್ಕೊಂಡು ಹೋದ್ರು ಅಂತ."

"ಹಾಗಾದ್ರೆ ನಿನಗೆ ಬೇಕಿತ್ತಾ ಅದು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೇನೇ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ! ನನಗೆ ಗೊತ್ತಾಗೋ ತನಕ ನೀವು ಯಾವತ್ತು ಕಾದಿದೀರಾ ಇಬು?"

ಅಷ್ಟು ಹೇಳುವಷ್ಟರಲ್ಲಿ ನೋವು ಬಂತು. ಕಿನಾಸಿ ಒಲೆಯ ಕಟ್ಟೆ ಹಿಡಿದುಕೊಂಡು ಬಗ್ಗಿದಳು, ಹಾಗೇ ಜಾರಿ ನೆಲದ ಮೇಲೆ ಕೂತಳು. ಪಾಲುಪಿಯ ಕೈ ಆಗಲೇ ಮುಂದಕ್ಕೆ ಹೋಗಿತ್ತು, ಎಲ್ಲಿ ಒತ್ತಬೇಕು, ಎಲ್ಲಿ ನೀವಬೇಕು ಎಂಬುದೆಲ್ಲ ಆ ಕೈಗೆ ಬಾಯಿಪಾಠ. ಅದು ಮಗಳ ಹೊಟ್ಟೆ ತಲುಪುವ ಮುಂಚೆ ನಿಂತಿತು. "ಮುಟ್ಲಾ?" ಎಂದು ಕೇಳಿದಳು. ಕಿನಾಸಿ ಕಣ್ಣು ಮುಚ್ಚಿಕೊಂಡೇ ತಲೆಯಲ್ಲಾಡಿಸಿದಳು. "ಬೇಡ. ಇಲ್ಲೇ ಕೂತಿರಿ." ಪಾಲುಪಿ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ತನ್ನೆರಡು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಯಾವ ಕೆಲಸವೂ ಇಲ್ಲದ ಆ ಕೈಗಳು ಅವಳಿಗೇ ಅಪರಿಚಿತವಾಗಿ ಕಂಡವು: ಉಗುರು ಗಿಡ್ಡಗೆ ಕತ್ತರಿಸಿದ, ಸಾಬೂನಿಗೆ ತೊಗಲು ಸುಕ್ಕಾದ ಕೈ. ಹೆರುವ ಹೆಣ್ಣಿನ ಎದುರಾದರೆ ಉಸಿರು ಹೀಗೆ ಬಿಡು, ಹಾಗೆ ಬಿಡು, ಇನ್ನೇನು ಆಯ್ತು ಎಂದು ಕ್ಷಣಕ್ಕೊಂದು ಮಾತು. ಇಲ್ಲಿ ಹೇಳುವುದಕ್ಕೆ ಏನೂ ಇರಲಿಲ್ಲ. ಈ ನೋವಿನ ಕೊನೆಗೆ ಕೈಗೆತ್ತಿಕೊಳ್ಳಲು ಮಗುವೂ ಇರಲಿಲ್ಲ. ಮಗಳ ಹಣೆಯ ಬೆವರು, ಕುತ್ತಿಗೆಯಲ್ಲಿ ಬಡಿಯುವ ನರ, ಕಚ್ಚಿ ಹಿಡಿದ ಕೆಳದುಟಿ. ಈ ಮುಖವನ್ನು ಏನೂ ಮಾಡದೆ, ಏನೂ ಹೇಳದೆ ಇಷ್ಟು ಹೊತ್ತು ತಾನು ಹಿಂದೆ ಯಾವಾಗ ನೋಡಿದ್ದೆ? ತಾನು ಬಾಣಂತಿಯಾಗಿ ಮಲಗಿದ್ದಾಗ, ತೊಟ್ಟಿಲು ಪಕ್ಕದಲ್ಲಿದ್ದಾಗ. ಹೊರಗಿನಿಂದ ವಿವಿಕ್ ಕೂಗಿದಳು, ಬು, ಒಬ್ಬಳಿಗೆ ನೋವು ಶುರುವಾಗಿದೆ, ಬರ್ತೀರಾ? ಕಿನಾಸಿ ಕಣ್ಣು ತೆರೆದು ತಾಯಿಯನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಆರೋಪವೂ ಇರಲಿಲ್ಲ. ಏನಾಗುತ್ತದೆಂದು ಮೊದಲೇ ಬಲ್ಲವರು ನೋಡುವ ಹಾಗೆ ನೋಡಿದಳು. "ನೀನೇ ನೋಡ್ಕೋ ವಿವಿಕ್," ಪಾಲುಪಿ ಕೂತಲ್ಲಿಂದಲೇ ಹೇಳಿದಳು. "ನಿನಗೆ ಬರುತ್ತಲ್ಲ. ತೀರಾ ಬೇಕಾದ್ರೆ ಕರಿ." ಅದು ನಿಜವೇ ಆಗಿತ್ತು. ವಿವಿಕ್‌ಗೆ ಎಲ್ಲ ಬರುತ್ತಿತ್ತು, ಯಾವಾಗಿನಿಂದಲೋ.

ನೋವು ಇಳಿದ ಮೇಲೂ ಇಬ್ಬರೂ ಏಳಲಿಲ್ಲ. ಕಿನಾಸಿ ಗೋಡೆಗೊರಗಿ, ಬೆಕ್ಕೊಂದು ಕಿಟಕಿಯಲ್ಲಿ ಕೂತದ್ದನ್ನು ನೋಡುತ್ತಾ, "ನಾಳೆ ನಾನೇ ಪಾ ವಿದಗ್ದೊ ಹತ್ರ ಮಾತಾಡ್ತೀನಿ," ಅಂದಳು. "ಏನಂತ?" "ನಾಳೆ ಹೊತ್ತಿಗೆ ಗೊತ್ತಾಗುತ್ತೆ." "ನಾನೂ ಬರ್ಲಾ?" ಮಗಳು ಹೆಗಲಿನ ಚೀಲ ಇಳಿಸಿದಳು. "ಶಾಲೆ ಬಿಟ್ಟ ಮೇಲೆ ಬನ್ನಿ. ಗೇಟಿನ ತನಕ."

ಮರುದಿನ ಬೆಳಗ್ಗೆಯೂ ಕಿನಾಸಿ ವಾಂತಿ ಮಾಡಿಕೊಂಡಳು. ಮುಖ ತೊಳೆದು ಚೀಲ ಹೆಗಲಿಗೇರಿಸಿ, ನಡೆದೇ ಶಾಲೆಗೆ ಹೋದಳು. ಬಿಡುವ ಹೊತ್ತಿಗೆ ಪಾಲುಪಿ ಗೇಟಿನೆದುರು ಸ್ಕೂಟರು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಸುತ್ತ ಇನ್ನಷ್ಟು ತಾಯಂದಿರು, ಹುರಿಗಡಲೆಯ ಗಾಡಿ, ಮಕ್ಕಳಿಗೆ ಕಾದ ಟೆಂಪೋಗಳ ಹೊಗೆ. ಬೂದು ಲಂಗಗಳು ಗುಂಪು ಗುಂಪಾಗಿ ಹೊರಗೆ ಸುರಿದವು, ತೆಳುವಾದವು, ನಿಂತುಹೋದವು. ಕಿನಾಸಿ ಬರಲಿಲ್ಲ. ಒಳಗೆ ಏನಾಗಿರಬಹುದು ಎಂಬುದರ ನೂರು ಚಿತ್ರ ಪಾಲುಪಿಯ ಕಣ್ಣೆದುರು ಬಂದವು: ಮೇಷ್ಟ್ರ ಮುಂದೆ ಹೊಟ್ಟೆ ಹಿಡಿದು ನಿಂತ ಹುಡುಗಿ, ಮಾತು ಬಾರದೆ ನೆಲ ನೋಡುವ ಹುಡುಗಿ. ಆ ಹುಡುಗಿಯ ಬದಲು ತಾನು ಹೋಗಿ ಎರಡು ಮಾತಲ್ಲಿ ಮುಗಿಸಿ ಬರಬಹುದಿತ್ತು. ಗೇಟು ಹತ್ತೇ ಮಾರು ದೂರದಲ್ಲಿತ್ತು, ತೆರೆದೇ ಇತ್ತು. ಸ್ಕೂಟರಿನ ಹಿಡಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಪಾಲುಪಿ ನಿಂತಳು.

ಆಮೇಲೆ ಕಿನಾಸಿ ಬಂದಳು. ಒಬ್ಬಳೇ ಅಲ್ಲ, ಉದ್ದ ಜಡೆಯ ಗೆಳತಿಯೊಬ್ಬಳ ಜೊತೆ, ಯಾವುದೋ ಮಾತಿಗೆ ಬಾಯಿ ಪೂರ್ತಿ ತೆರೆದು ನಗುತ್ತಾ. ಆ ನಗುವಿಗೆ ಕಾರಣ ಮೇಷ್ಟ್ರು ಸೇರಿಸಿಕೊಂಡದ್ದೋ, ತಾನೇ ಬೇಡವೆಂದು ಬಂದದ್ದೋ, ಇಲ್ಲಾ ಎರಡೂ ಅಲ್ಲದೆ ಜಡೆಯ ಹುಡುಗಿ ಹೇಳಿದ ಯಾವುದೋ ಜೋಕೋ, ನೋಡಿದರೆ ತಿಳಿಯುವಂತಿರಲಿಲ್ಲ. ಗೇಟು ದಾಟಿದ ಮೇಲೆ ತಾಯಿಯನ್ನು ಕಂಡಳು. ನಿಂತಳು. ಗೆಳತಿಯ ಕಡೆ ತೋರಿಸಿ, ಬಸ್ಸಿನ ರಸ್ತೆಯ ಕಡೆ ತೋರಿಸಿ, ನೀವು ಹೋಗಿ, ನಾನು ಆಮೇಲೆ ಬರುತ್ತೇನೆ ಎಂದು ಕೈಯಲ್ಲೇ ಸನ್ನೆ ಮಾಡಿದಳು. ಪಾಲುಪಿ ಸರಿ ಎಂದು ಕೈ ಎತ್ತಿದಳು. ಹುಡುಗಿಯರಿಬ್ಬರೂ ಗೋಡೆಯ ನೆರಳು ಹಿಡಿದು ನಡೆದು ತಿರುವಿನಲ್ಲಿ ಮರೆಯಾದರು. ಇಷ್ಟು ಹೊತ್ತು ಬಿಸಿಲಲ್ಲಿ ಕಾದದ್ದು ಒಂದು ಸನ್ನೆಗೆ! ಎದೆಯಲ್ಲಿ ಚುರ್ರೆಂದಿತು. ಅದು ಅವಮಾನವೇ. ಅದರ ಜೊತೆ ಇನ್ನೇನೋ ಇತ್ತು. ಮಗುವಿನ ಮೊದಲ ಅಳು ಕೇಳಿ, ಇನ್ನು ತನ್ನ ಕೆಲಸವಿಲ್ಲವೆಂದು ಒಂದು ಹೆಜ್ಜೆ ಹಿಂದೆ ಸರಿಯುವಾಗ ಆಗುವಂಥದ್ದು.

ಪಕ್ಕದ ಸ್ಕೂಟರಿನ ಹೆಂಗಸು ಇದನ್ನೆಲ್ಲ ನೋಡುತ್ತಲೇ ಇದ್ದಳು. ಅವಳ ಮಗನೂ ಅದೇ ತಂಡದಲ್ಲಿದ್ದ. "ಏನಂತೆ ಬು ಪಾಲುಪಿ, ಸ್ಪರ್ಧೆಗೆ ಹೋಗ್ತಾಳಂತಾ, ಇಲ್ವಂತಾ?"

ಪಾಲುಪಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು.

"ಅವಳಿಗೆ ಗೊತ್ತು," ಎಂದು ಗಾಡಿ ಸ್ಟಾರ್ಟ್ ಮಾಡಿದಳು.